ಮಾಸ್ತರ ನುಂಗಿದ ಕಿವಿ

ತಳೇಗಾಂವ ದಾಭಾಡೆಯಲ್ಲಿ ಚನ್ನವೀರ ಹಂಚಿನಾಳ ಎಂದು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಬನಶಂಕರಿ ಸೌಂಡ್‌ನ ಅಣ್ಣಾ ಎಂದರೆ ಸಾಕು, ಸ್ಟೇಷನ್ನಿನ ರಿಕ್ಷಾದವರು ಬೀದಿಯ ಹೆಸರೂ ಕೇಳದೆ ಮನೆಯ ಮುಂದೆ ತಂದು ಇಳಿಸುತ್ತಾರೆ. ಇಳಿಸಿದ ಮೇಲೆ, "ಸ್ವಲ್ಪ ಜೋರಾಗಿ ಮಾತಾಡಿ" ಎಂದು ಒಂದು ಸಲಹೆಯನ್ನೂ ಕೊಟ್ಟು ಹೋಗುತ್ತಾರೆ.

ಚನ್ನವೀರ ಮೀಸೆ ಮೂಡುವ ವಯಸ್ಸಿನಲ್ಲಿ ಬಾದಾಮಿ ಕಡೆಯಿಂದ ಸೋದರಮಾವನ ಬೆನ್ನು ಹತ್ತಿ ಪುಣೆಗೆ ಬಂದವನು. ಮಾವನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ದಂಧೆ. ಆಗ ಇದ್ದದ್ದು ಭೋಂಗಾ ಎನ್ನುವ ಅಗಲ ಬಾಯಿಯ ತಗಡಿನ ತುತ್ತೂರಿ ಎರಡು, ಒಂದು ಆಂಪ್ಲಿಫೈಯರ್ ಪೆಟ್ಟಿಗೆ. ಮಾವ ಹೋದಮೇಲೆ ದಂಧೆ ಅಳಿಯನ ಕೈಗೆ ಬಂತು. ಭೋಂಗಾ ಹೋಗಿ ಸ್ಪೀಕರ್ ಬಾಕ್ಸ್ ಬಂದವು, ಬಾಕ್ಸಿನ ಮೇಲೆ ಬಾಕ್ಸ್ ಏರಿ ಗೋಡೆಯಾದವು. ಗಣಪತಿ, ಮದುವೆಯ ಅರಿಶಿನದ ಹಳದಿ, ಮುಂಜಿ, ಮುಖಂಡರ ಹುಟ್ಟುಹಬ್ಬ, ಎಲ್ಲಕ್ಕೂ ಆ ಗೋಡೆ ಹೋಗಿ ನಿಲ್ಲಬೇಕು, ಅದರ ಪಕ್ಕದಲ್ಲಿ ಚನ್ನವೀರ ನಿಲ್ಲಬೇಕು. ಒಂದು ಅಂಗೈಯನ್ನು ಬಾಕ್ಸಿನ ಕಟ್ಟಿಗೆಯ ಮೇಲೆ ಊರಿ, ಕಣ್ಣು ಮುಚ್ಚಿ, ಸದ್ದು ಸರಿಯಾಗಿ ಏಳುತ್ತಿದೆಯೋ ಇಲ್ಲವೋ ಎಂದು ನೋಡುವುದು ಅವನ ರೂಢಿ. ಹೀಗೆ ನಿಂತೂ ನಿಂತೂ ಕಿವಿ ಹೋಯಿತು.

ಹೋಯಿತೆಂದು ಊರಿಗೆ ಗೊತ್ತಾಯಿತೇ ಹೊರತು ಅವನಿಗೆ ಗೊತ್ತಾಗಲಿಲ್ಲ. ಜಗತ್ತೇ ದಿನದಿಂದ ದಿನಕ್ಕೆ ಪಿಸುಗುಡುತ್ತಿದೆ ಎಂದು ಅವನು ತಿಳಿದಿದ್ದ. "ಈಗಿನ ಮಂದಿ ಎದಿಯಾಗ ದಮ್ಮ ಇಲ್ಲ, ಬರೇ ತುಟಿ ಅಲ್ಲಾಡಸ್ತಾರ" ಎನ್ನುತ್ತಿದ್ದ. ವಡಗಾವದ ಒಂದು ಮದುವೆಯಲ್ಲಿ ಹುಡುಗಿಯ ಅಜ್ಜ ಬಂದು ಕೈಮುಗಿದು, ಎದೆ ನಡುಗುತ್ತಿದೆ, ಸದ್ದು ಕಡಿಮೆ ಮಾಡಪ್ಪಾ ಎಂದು ಬೇಡಿಕೊಂಡರೆ, ಚನ್ನವೀರ ಅದನ್ನು ಮೆಚ್ಚುಗೆ ಎಂದು ತಿಳಿದು, ಸದ್ದು ಇನ್ನಷ್ಟು ಏರಿಸಿ ಅಜ್ಜನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ.

ಗಂಡನಿಗೆ ಏನು ಹೇಳಿದರೂ ಕೇಳಿಸುವುದಿಲ್ಲ ಎಂದಾದಮೇಲೆ ಹೆಂಡತಿ ಶೈಲಾ ಮಾತಾಡುವುದಕ್ಕೆ ಬೇರೆಯವರನ್ನು ಹುಡುಕಿಕೊಂಡಳು. ಅದು ಮಾಸ್ತರ. ಮಾಸ್ತರ ಎಂದರೆ ನಾಯಿ. ಮಳೆಗಾಲದಲ್ಲಿ ಗೋಡೌನಿನ ಖಾಲಿ ಬಾಕ್ಸೊಂದರಲ್ಲಿ ಸಿಕ್ಕ ಬೀದಿ ಮರಿ. ಬಿಳಿ ಮೋರೆ, ಎರಡೂ ಕಣ್ಣಿನ ಸುತ್ತ ಕಂದು ಬಣ್ಣದ ಉಂಗುರ, ಥೇಟ್ ಕನ್ನಡಕ ಹಾಕಿದ ಸಾಲೀ ಮಾಸ್ತರ. ಆ ಮುಖದಲ್ಲಿ ಎಷ್ಟು ವಿದ್ಯೆ ಕಾಣುತ್ತಿತ್ತೋ ಅಷ್ಟೇ ಹಸಿವು ಹೊಟ್ಟೆಯಲ್ಲಿ ಇತ್ತು. ಕಾಲುಚೀಲ, ವೈರಿನ ಸಿಪ್ಪೆ, ಸ್ಪೀಕರಿನ ಸ್ಪಂಜು, ಒಮ್ಮೆ ಗಣಪತಿಗೆಂದು ತಂದ ಚೆಂಡುಹೂವಿನ ಹಾರದಲ್ಲಿ ಅರ್ಧ, ಹೀಗೆ ಅದು ತಿನ್ನದೆ ಬಿಟ್ಟ ವಸ್ತು ಮನೆಯಲ್ಲಿ ಕಡಿಮೆ.

ಮಗಳು ನೀತಾ ಚಿಂಚವಡದಲ್ಲಿ ವಿಮಾ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳು ಅಪ್ಪನ ಬೆನ್ನು ಬಿದ್ದು, ಕೊನೆಗೊಮ್ಮೆ ಅವನನ್ನು ಪುಣೆ ಕ್ಯಾಂಪಿನ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಎರಡೂ ಕಿವಿಗೆ ಯಂತ್ರ ಬೇಕು ಎಂದರು. ಚನ್ನವೀರ ಜನ್ಮಜಾತ ವ್ಯಾಪಾರಿ, ಚೌಕಾಸಿ ಮಾಡದೆ ಅವನಿಗೆ ಯಾವುದೂ ರುಚಿಸುವುದಿಲ್ಲ. "ಮೊದಲ ಒಂದು ಕಿವಿ ನೋಡೂಣು. ಚಲೋ ಅನಿಸಿದ್ರ ಇನ್ನೊಂದು" ಎಂದು ಬಲಗಿವಿಗೆ ಮಾತ್ರ ಹಾಕಿಸಿಕೊಂಡ. ಕಡಲೆಕಾಳಿನಷ್ಟು ಯಂತ್ರ, ಅದರೊಳಗೆ ಗುಂಡಿಯಂಥ ಬ್ಯಾಟರಿ. ಅದನ್ನು ಮೊಬೈಲಿಗೂ ಜೋಡಿಸಿ ಕೊಟ್ಟರು. ಫೋನ್ ಬಂದರೆ ಮಾತು ನೇರ ಕಿವಿಯೊಳಕ್ಕೇ ಬರುತ್ತದೆ, ಈ ಕಡೆಯ ಮಾತೂ ಅದೇ ಯಂತ್ರದಿಂದ ಹೋಗುತ್ತದೆ ಎಂದು ನೀತಾ ಎರಡೆರಡು ಸಲ ವಿವರಿಸಿದಳು. ಚನ್ನವೀರ ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಬಹಳ ವರ್ಷಗಳ ಅಭ್ಯಾಸ.

ಯಂತ್ರ ಬಂದ ಮೊದಲ ವಾರ ಅವನಿಗೆ ಸುಖ ಸಿಗಲಿಲ್ಲ. ಫ್ಯಾನು ಗೊಣಗುತ್ತಿತ್ತು. ಚಪ್ಪಲಿ ಕೀರಲುಗುಟ್ಟುತ್ತಿತ್ತು. ಒಂದು ಬೆಳಿಗ್ಗೆ ಅಡಿಗೆಮನೆಯಿಂದ ಶೈಲಾಳ ದನಿ ಎಷ್ಟೋ ವರ್ಷಗಳ ಮೇಲೆ ಅಷ್ಟು ಸ್ಪಷ್ಟವಾಗಿ, ಅಷ್ಟು ಮೆತ್ತಗೆ ಕೇಳಿಸಿತು.

"ನನ್ನ ರಾಜಾ, ಹಸಿವ್ಯಾತೇನು? ಬಾ, ಬಿಸಿ ರೊಟ್ಟಿ ಕೊಡ್ತೇನಿ."

ಚನ್ನವೀರನ ಎದೆ ತುಂಬಿ ಬಂತು. "ಬಂದ್ನಿ ಬಂದ್ನಿ" ಎನ್ನುತ್ತ ಒಳಗೆ ಹೋದರೆ, ಮಾಸ್ತರ ಆಗಲೇ ರೊಟ್ಟಿಯ ಮುಂದೆ ಕೂತಿತ್ತು. ಶೈಲಾ ತಿರುಗಿ ನೋಡಿ ತನ್ನ ಎಂದಿನ ಗಂಟಲಲ್ಲಿ, "ನಿಮಗೇನು ಬೇಕಿತ್ತು?" ಎಂದಳು. ಅಂದಿನಿಂದ ಚನ್ನವೀರನಿಗೂ ಮಾಸ್ತರಗೂ ನಡುವೆ ಸಣ್ಣ ಮುನಿಸು ನಡೆದಿತ್ತು. ಮುನಿಸು ಒಂದೇ ಕಡೆಯದು. ಮಾಸ್ತರಗೆ ಅದರ ಪರಿವೆ ಇರಲಿಲ್ಲ.

ಲಗ್ನದ ಹಂಗಾಮಿನ ಒಂದು ಶನಿವಾರ ಶೈಲಾ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆಂದು ಎಸ್‌ಟಿ ಬಸ್ಸು ಹಿಡಿದು ಇಂದಾಪುರಕ್ಕೆ ಹೋಗಿದ್ದಳು. ಆ ಸಂಜೆ ದೇಹೂ ರೋಡಿನಲ್ಲಿ ಗರಾಡೆ ಎಂಬವರ ಮನೆಯಲ್ಲಿ ಹಳದಿ ಕಾರ್ಯ. ಮಧ್ಯಾಹ್ನವೇ ಕೆಳಗೆ ಡ್ರೈವರ್ ಶಿವರಾಜ ಟೆಂಪೋಕ್ಕೆ ಬಾಕ್ಸ್ ಏರಿಸುತ್ತಿದ್ದ. ಮೇಲೆ ಮನೆಯಲ್ಲಿ ಚನ್ನವೀರ ಒಗ್ಗರಣೆ ಅವಲಕ್ಕಿ ತಿನ್ನುತ್ತ ಕೂತಿದ್ದ. ಅವಲಕ್ಕಿಯಲ್ಲಿ ಶೇಂಗಾ ಇತ್ತು. ಒಂದೊಂದು ಶೇಂಗಾ ಹಲ್ಲಿಗೆ ಸಿಕ್ಕಾಗಲೂ ಬಲಗಿವಿಯೊಳಗೆ ಜಲ್ಲಿಕಲ್ಲಿನ ಖಡಿ ಒಡೆಯುವ ಮಷೀನು ಶುರುವಾದಂತೆ ಸದ್ದು. ಮೂರು ತುತ್ತಿಗೆ ತಲೆ ಕೆಟ್ಟಿತು. ಯಂತ್ರವನ್ನು ಕಿತ್ತು ತಾಟಿನ ಅಂಚಿಗೆ ಇಟ್ಟ. ಇಟ್ಟು, ಉಪ್ಪಿನಕಾಯಿ ತರಲೆಂದು ಎದ್ದ.

ಮರಳಿ ಬಂದಾಗ ಅವಲಕ್ಕಿ ಇರಲಿಲ್ಲ. ಯಂತ್ರವೂ ಇರಲಿಲ್ಲ. ಉತ್ತರಪತ್ರಿಕೆ ತಿದ್ದಿ ಮುಗಿಸಿದವರ ಸಮಾಧಾನದಲ್ಲಿ ಮಾಸ್ತರ ಮೂಗು ನೆಕ್ಕಿಕೊಳ್ಳುತ್ತಿತ್ತು.

ಚನ್ನವೀರ ತಾಟಿನ ಕೆಳಗೆ ನೋಡಿದ, ಕುರ್ಚಿಯ ಕೆಳಗೆ ನೋಡಿದ, ಮಾಸ್ತರದ ಕೆಳಗೂ ನೋಡಿದ. ಕೊನೆಗೆ ಅದರ ಬಾಯಿ ಅಗಲಿಸಿ ಮುಂಗೈ ತನಕ ಕೈ ಹಾಕಿದ. ಸಿಕ್ಕದ್ದು ಒಂದು ಶೇಂಗಾ. ಯಂತ್ರ ಹೊಟ್ಟೆಗೇ ಇಳಿದಿತ್ತು. ಬ್ಯಾಟರಿ ಏನು ಮಾಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಾರ್ಡ್‌ಲೆಸ್ ಮೈಕಿನೊಳಗೆ ಬ್ಯಾಟರಿ ಸೋರಿ ಒಳಗಿನ ತಂತಿ, ಸ್ಪ್ರಿಂಗು ಎಲ್ಲವನ್ನೂ ಸುಟ್ಟು ತಿಂದು ಹಾಕಿದ್ದನ್ನು ಅವನು ಎಷ್ಟೋ ಸಲ ಕಂಡಿದ್ದ. ಕಬ್ಬಿಣಕ್ಕೇ ಆ ಗತಿಯಾದರೆ ಕರುಳಿಗೆ?

ಮುನಿಸು ಎಲ್ಲಿ ಹೋಯಿತೋ. "ಏ ಮಾಸ್ತರಾ, ಉಗಳೋ! ಉಗಳೋ ನಮ್ಮಪ್ಪಾ!" ಎಂದು ಅದರ ಗದ್ದ ಹಿಡಿದು ಅಂಗಲಾಚಿದ. ಮಾಸ್ತರ ಅವನ ಕೈಯಲ್ಲಿದ್ದ ಶೇಂಗಾವನ್ನೂ ತಿಂದಿತು.

ನೀತಾಗೆ ಫೋನ್ ಹಚ್ಚಿದ. ಪರದೆಯ ಮೇಲೆ ಕರೆ ಸೇರಿದ್ದು ಕಾಣುತ್ತಿದೆ, ಆದರೆ ಕಿವಿಗೆ ಹಿಡಿದರೆ ಫೋನು ಸತ್ತಂತೆ ಇದೆ. ಇತ್ತ ಮಾಸ್ತರ ಧಡಕ್ಕನೆ ಎದ್ದು, ತಲೆ ಓರೆ ಮಾಡಿ, ತನ್ನದೇ ಹೊಟ್ಟೆಯನ್ನು ನೋಡತೊಡಗಿತು. ಆಮೇಲೆ ಹೊಟ್ಟೆಗೆ ಬೊಗಳಿತು. ಸ್ವಲ್ಪ ತಡೆದು ಮತ್ತೆ ಹೊಟ್ಟೆಗೇ ಬಾಲ ಅಲ್ಲಾಡಿಸಿತು. ನೀತಾಳ ದನಿ ಅದಕ್ಕೆ ಬಲು ಇಷ್ಟ. ಇದೆಲ್ಲ ನೋವಿನ ಲಕ್ಷಣ ಎಂದುಕೊಂಡ ಚನ್ನವೀರ ಇನ್ನಷ್ಟು ಗಾಬರಿಯಾದ. "ನೀತಾ! ಹೊಟ್ಟಿಯಾಗ ಹೋಗೇತಿ! ಒಳಗ ಹೋಗೇತಿ!" ಎಂದು ಒದರಿ ಫೋನ್ ಇಟ್ಟುಬಿಟ್ಟ.

ಆ ಕಡೆ ನೀತಾಗೆ ಕೇಳಿಸಿದ್ದು ಗುಡುಗುಡು, ಬುಳುಬುಳು ಎಂಬ ನೀರಿನ ಸದ್ದು, ಅದರಾಚೆ ಎಲ್ಲೋ ದೂರದಿಂದ, ಬಾವಿಯ ತಳದಿಂದ ಬಂದಂತೆ, "ಒಳಗ ಹೋಗೇತಿ" ಎನ್ನುವ ಅಪ್ಪನ ದನಿ. ಅಪ್ಪ ನೀರಿನ ಟಾಕಿಯೊಳಗೆ ಬಿದ್ದಿದ್ದಾನೆ ಎಂದು ಅವಳು ತೀರ್ಮಾನಿಸಿದಳು. ಬಿಲ್ಡಿಂಗಿನ ವಾಚಮನ್‌ಗೆ ಫೋನ್ ಮಾಡಿ ಟಾಕಿ ತೆಗೆಸಿ ನೋಡಲು ಹೇಳಿ, ಕಚೇರಿಯಿಂದ ಬರಿಗಾಲಲ್ಲೇ ಓಡಿದಳು.

ಚನ್ನವೀರ ಮೆಟ್ಟಿಲಿಗೆ ಬಂದು ಮೈಕಿಲ್ಲದೆಯೇ ನಾಲ್ಕೂ ಮಹಡಿಗೆ ಮುಟ್ಟುವಂತೆ ಮರಾಠಿಯಲ್ಲಿ ಕೂಗಿದ: ಮಾಸ್ತರ ಬ್ಯಾಟರಿ ನುಂಗಿದ್ದಾರೆ, ಬೇಗ ಬನ್ನಿ! ಮರಾಠಿಯಲ್ಲಿ ಗಡಿಬಿಡಿಯಾದಾಗ ಅವನು ಎಲ್ಲರಿಗೂ ಬಹುವಚನ ಹಚ್ಚುತ್ತಾನೆ.

ಎರಡನೆಯ ಮಹಡಿಯಲ್ಲಿ ಭೇಗಡೆ ಮಾಸ್ತರ ಎಂಬ ನಿವೃತ್ತ ಗಣಿತದ ಶಿಕ್ಷಕರು ಇದ್ದರು. ಇಡೀ ಬಿಲ್ಡಿಂಗು ಅವರ ಮನೆಗೆ ನುಗ್ಗಿತು. ಮಧ್ಯಾಹ್ನದ ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕೂರಿಸಿ, ಬಗ್ಗಿಸಿ, ಒಬ್ಬರಾದ ಮೇಲೆ ಒಬ್ಬರು ಬೆನ್ನಿಗೆ ಗುದ್ದತೊಡಗಿದರು. ನಾನು ಏನನ್ನೂ ನುಂಗಿಲ್ಲ ಎಂದು ಮಾಸ್ತರು ಕೂಗಿಕೊಂಡರು. ಈ ವಯಸ್ಸಿನಲ್ಲಿ ನೆನಪು ಇರುವುದಿಲ್ಲ ಬಿಡಿ ಎಂದು ಯಾರೋ ಸಮಾಧಾನ ಹೇಳಿದರು. ಟಿವಿ ರಿಮೋಟಿನ ಬ್ಯಾಟರಿ ತೆಗೆದು ನೋಡಿದರೆ ನಿಜವಾಗಿಯೂ ಒಂದು ಕಡಿಮೆ ಇತ್ತು; ಗುದ್ದುವವರಿಗೆ ಹೊಸ ಹುಮ್ಮಸ್ಸು ಬಂತು.

ಮೇಲಿನ ಮಹಡಿಯ ಹರ್ಷದಾ ಮಾತ್ರ ನೇರ ಚನ್ನವೀರನ ಬಾಗಿಲಿಗೆ ಬಂದಳು. ಅವಳು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು, ಮಾಸ್ತರ ಎಂದರೆ ಈ ಮನೆಯಲ್ಲಿ ಯಾರು ಎಂದು ಬಲ್ಲವಳು. "ಕಾಕಾ, ಕಾಯ ಝಾಲಂ, ಏನಾಯ್ತು?" ಎಂದು ಕೇಳಿದಳು. ಚನ್ನವೀರ ತನ್ನ ಬಲಗಿವಿ ತೋರಿಸಿದ, ನಾಯಿಯ ಬಾಯಿ ತೋರಿಸಿದ, ನಾಯಿಯ ಹೊಟ್ಟೆ ತೋರಿಸಿದ. ಹರ್ಷದಾಗೆ ಅರ್ಥವಾಯಿತು. ಅಷ್ಟರಲ್ಲಿ ಬ್ಯಾಟರಿ ನುಂಗಿದ್ದು ನಾಯಿ ಎಂದು ಕೆಳಗಿನವರಿಗೂ ತಿಳಿದು, ಭೇಗಡೆ ಮಾಸ್ತರರನ್ನು ಅರ್ಧ ಬಗ್ಗಿಸಿದಲ್ಲೇ ಬಿಟ್ಟು, ಎಲ್ಲರೂ ಮೇಲೆ ಬಂದರು.

ಬಂದವರ ಬಾಯಲ್ಲಿ ಮದ್ದುಗಳ ಜಾತ್ರೆಯೇ ಇತ್ತು. ಎಣ್ಣೆ ಕುಡಿಸಿ, ಜಾರಿಕೊಂಡು ಹೋಗುತ್ತದೆ. ಹಿಂಗಾಲು ಹಿಡಿದು ತಲೆಕೆಳಗು ಮಾಡಿ. ಬಾಳೆಹಣ್ಣು ತಿನ್ನಿಸಿ. ಆಯಸ್ಕಾಂತ ಹಿಡಿದು ಹೊಟ್ಟೆಯ ಮೇಲೆ ಎಳೆಯಿರಿ. ಚನ್ನವೀರ ಎಲ್ಲರ ತುಟಿ ಅಲ್ಲಾಡುವುದನ್ನು ನೋಡುತ್ತ, ಇಷ್ಟು ಜನ ಸಂತಾಪ ಹೇಳಲು ಬಂದಿದ್ದಾರಲ್ಲ ಎಂದು ಕಣ್ಣು ತೇವ ಮಾಡಿಕೊಂಡು ತಲೆಯಾಡಿಸುತ್ತಿದ್ದ. ಇಂದೂ ಮಾವಶಿ ಎಂಬ ಮುದುಕಿ ದೊಡ್ಡ ಲೋಟದ ತುಂಬ ನೀರು ತಂದು ಅವನ ಕೈಗಿಟ್ಟು, ನಾಯಿಯ ಕಡೆ ಕೈ ತೋರಿಸಿ ಏನೋ ಹೇಳಿದಳು. ಪಾಪ, ನನ್ನ ಗಂಟಲು ಒಣಗಿದ್ದು ಇವಳಿಗೆ ಕಂಡಿತಲ್ಲ ಎಂದು ಚನ್ನವೀರ ಗಟಗಟ ಕುಡಿದುಬಿಟ್ಟ. ಅದು ನಾಯಿಗೆ ವಾಂತಿ ಮಾಡಿಸಲು ಹಿಡಿಗಟ್ಟಲೆ ಉಪ್ಪು ಕದಡಿದ ನೀರು. ಕೊನೆಯ ಗುಟುಕಿಗೆ ಅವನ ಮುಖ ಹಿಂಡಿದ ನಿಂಬೆಹಣ್ಣಾಯಿತು. ಮರ್ಯಾದೆಗೆ ಅಂಜಿ ಉಗುಳಲಿಲ್ಲ.

ಹರ್ಷದಾ ಒಂದು ಮೂಲೆಗೆ ಹೋಗಿ ನಿಗಡಿಯ ಪ್ರಾಣಿಗಳ ಆಸ್ಪತ್ರೆಗೆ ಫೋನ್ ಮಾಡಿದ್ದಳು. ಅಲ್ಲಿನ ಡಾಕ್ಟರು ಹೇಳಿದ್ದನ್ನು ತನ್ನ ಮೊಬೈಲಿನಲ್ಲಿ ದಪ್ಪ ದಪ್ಪ ಮರಾಠಿ ಅಕ್ಷರದಲ್ಲಿ ಟೈಪ್ ಮಾಡಿ ಚನ್ನವೀರನ ಕಣ್ಣಿಗೆ ಹಿಡಿದಳು. ವಾಂತಿ ಮಾಡಿಸಬೇಡಿ. ಉಪ್ಪುನೀರು, ಎಣ್ಣೆ, ತಿನಿಸು, ಏನೂ ಕೊಡಬೇಡಿ. ಬ್ಯಾಟರಿಯ ಪ್ಯಾಕೆಟ್ ಇದ್ದರೆ ತನ್ನಿ. ಈಗಲೇ ಹೊರಡಿ.

ಉಪ್ಪುನೀರು ಎಂಬ ಶಬ್ದ ಓದಿದಾಗ ಚನ್ನವೀರ ಕೈಯಲ್ಲಿದ್ದ ಖಾಲಿ ಲೋಟವನ್ನು ಒಮ್ಮೆ ನೋಡಿದ. ಬ್ಯಾಟರಿಯ ಪ್ಯಾಕೆಟ್ ಜೇಬಿಗೆ ಹಾಕಿಕೊಂಡು, ಮಾಸ್ತರನ್ನು ಕೂಸಿನಂತೆ ಎದೆಗವಚಿಕೊಂಡು ಮೆಟ್ಟಿಲಿಳಿದ. ಅಂಗಳದಲ್ಲಿ ವಾಚಮನ್ ಯಾಕೋ ನೀರಿನ ಟಾಕಿಯೊಳಗೆ ಉದ್ದ ಕೋಲು ಹಾಕಿ ತಿರುವುತ್ತಿದ್ದ. ಮುಂದೆ ಹಾದುಹೋದ ಚನ್ನವೀರನನ್ನು ನೋಡಿ, ಒಂದು ನಮಸ್ಕಾರ ಹೊಡೆದು, ಮತ್ತೆ ಅವನ ಹೆಣ ಹುಡುಕುವ ಕೆಲಸ ಮುಂದುವರಿಸಿದ.

ಆ ಹೊತ್ತಿನಲ್ಲಿ ಕೈಗೆ ಸಿಕ್ಕ ವಾಹನ ಸೌಂಡಿನ ಟೆಂಪೋ ಒಂದೇ. ಹಿಂದೆ ಬಾಕ್ಸಿನ ಗೋಡೆ, ಬಣ್ಣದ ದೀಪ, ಮುಂದಿನ ಗಾಜಿನ ಮೇಲೆ ಬನಶಂಕರಿಯ ಚಿತ್ರ. ಶಿವರಾಜ ಸ್ಟೇರಿಂಗಿಗೆ ಕೂತ, ನಡುವೆ ಹರ್ಷದಾ, ಬಾಗಿಲ ಕಡೆ ಚನ್ನವೀರ, ಅವನ ತೊಡೆಯ ಮೇಲೆ ಮಾಸ್ತರ.

"ಅಣ್ಣಾ, ಗರಾಡೆ ಅವರ ಆರ್ಡರ್ ಏನ ಮಾಡೂದ್ರಿ?" ಎಂದು ಶಿವರಾಜ ಅವನ ಕಿವಿಯ ಹತ್ತಿರ ಬಾಯಿ ತಂದು ಒದರಿದ.

"ಎಲ್ಲಿ ಗರಾಡೆ? ಮೊದಲ ದವಾಖಾನಿ!" ಎಂದ ಚನ್ನವೀರ.

ಆದರೆ ತಳೇಗಾಂವದಿಂದ ನಿಗಡಿಗೆ ಹೋಗುವ ದಾರಿಯಲ್ಲೇ ದೇಹೂ ರೋಡು ಇದೆ, ಅಲ್ಲಿ ರಸ್ತೆಗೆ ಹತ್ತಿಯೇ ಗರಾಡೆಯವರ ಮಂಟಪವೂ ಇತ್ತು. ಹಳದಿ ಅಂಗಿ ತೊಟ್ಟ ಹುಡುಗರ ದಂಡು ಡಿಜೆಯ ದಾರಿ ಕಾಯುತ್ತ ರಸ್ತೆಗೇ ಬಂದು ನಿಂತಿತ್ತು. ದೂರದಿಂದ ಟೆಂಪೋ ಕಂಡದ್ದೇ ಶಿಳ್ಳೆ, ಚಪ್ಪಾಳೆ. ಒಬ್ಬ ತೆಂಗಿನಕಾಯಿ ಹಿಡಿದು ಆರತಿಗೂ ತಯಾರಾಗಿದ್ದ. ಟೆಂಪೋ ಅವರೆಲ್ಲರ ಮುಂದಿನಿಂದ ಧೂಳೆಬ್ಬಿಸಿ ನುಗ್ಗಿಹೋಯಿತು. ಕಿಟಕಿಯಲ್ಲಿ ಕನ್ನಡಕದ ಮೋರೆಯ ಒಂದು ನಾಯಿ ಗಂಭೀರವಾಗಿ ಅವರನ್ನು ನೋಡುತ್ತ ಹೋಯಿತು.

ಒಂದು ಕ್ಷಣ ಎಲ್ಲರೂ ಬೆಪ್ಪಾದರು. ಮರುಕ್ಷಣ ಬೈಕುಗಳು ಗುಡುಗಿದವು.

ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರದ್ಧಾ ಎಂಬ ತರುಣಿ ಬಾಗಿಲಲ್ಲೇ ಕಾದಿದ್ದಳು. ಚನ್ನವೀರ ಒಳಗೆ ಕಾಲಿಟ್ಟದ್ದೇ ತಡ, ಇಂದೂ ಮಾವಶಿಯ ಉಪ್ಪುನೀರು ತನ್ನ ಕೆಲಸ ಮಾಡಿತು. ಅವನು ಮೂಲೆಯ ಬಕೆಟ್ಟಿಗೆ ಬಗ್ಗಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡ. ಮಾಸ್ತರ ಪಕ್ಕದಲ್ಲಿ ಕೂತು ಸಹಾನುಭೂತಿಯಿಂದ ನೋಡಿತು. ಡಾಕ್ಟರು ಇಬ್ಬರನ್ನೂ ನೋಡಿ, ಹರ್ಷದಾಳನ್ನು ಕೇಳಿದಳು: "ಬ್ಯಾಟರಿ ನುಂಗಿದ್ದು ಯಾರು?"

ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಡಾಕ್ಟರು ಚನ್ನವೀರನ ಕಡೆ ತಿರುಗಿ, ಎಷ್ಟು ಹೊತ್ತಾಯಿತು ಎಂದು ಕೇಳಿದಳು. ವಯಸ್ಸು ಕೇಳುತ್ತಿದ್ದಾಳೆ ಎಂದುಕೊಂಡು ಅವನು, "ಬರುವ ಶ್ರಾವಣಕ್ಕೆ ಅರವತ್ತೆರಡು" ಎಂದ. ಮೊದಲು ಹೀಗೆ ಏನಾದರೂ ನುಂಗಿತ್ತೇ ಎಂದು ಕೇಳಿದಳು. ಮಕ್ಕಳೆಷ್ಟು ಎಂದು ಕೇಳಿರಬೇಕು ಅನ್ನಿಸಿ, "ಒಬ್ಬಾಕಿ, ಚಿಂಚವಡದಾಗ" ಎಂದ. ಡಾಕ್ಟರು ಪ್ರಶ್ನೆ ಕೇಳುವುದನ್ನು ಬಿಟ್ಟು, ಪ್ಯಾಕೆಟ್ ಇಸಿದುಕೊಂಡು ಓದಿ, ಸ್ಟೆತಾಸ್ಕೋಪನ್ನು ಕಿವಿಗೆ ಹಚ್ಚಿ ನಾಯಿಯ ಹೊಟ್ಟೆಗೆ ಇಟ್ಟಳು.

ಅದೇ ಹೊತ್ತಿಗೆ ಚನ್ನವೀರನ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಗರಾಡೆ. ದವಾಖಾನೆಯಲ್ಲಿ ಇದ್ದೇನೆ ಎಂದು ಹೇಳಿಬಿಡೋಣವೆಂದು ಅವನು ಫೋನನ್ನು ಎತ್ತಿದ.

ಡಾಕ್ಟರು ಬೆಚ್ಚಿ ಹಿಂದೆ ಸರಿದಳು. ಸ್ಟೆತಾಸ್ಕೋಪು ಕಿತ್ತು ಅದರ ಬಿಲ್ಲೆಯನ್ನು ನೋಡಿದಳು. ನಾಯಿಯ ಮುಖ ನೋಡಿದಳು. ಮತ್ತೆ ಕಿವಿಗೆ ಹಚ್ಚಿ, ಉಸಿರು ಬಿಗಿ ಹಿಡಿದು, ಹೊಟ್ಟೆಗೆ ಒತ್ತಿದಳು.

"ಏನಾಯ್ತು?" ಎಂದಳು ಹರ್ಷದಾ.

"ಹೊಟ್ಟೆಯೊಳಗಿಂದ ಯಾರೋ..." ಎಂದು ತಡವರಿಸಿದಳು ಡಾಕ್ಟರು. "ಡಿಜೆ ಕುಠೇ ಆಹೇ, ಡಿಜೆ ಎಲ್ಲಿ ಅಂತ ಕೇಳ್ತಿದ್ದಾರೆ. ಬಹಳ ಕೆಟ್ಟದಾಗಿ ಬೈಯ್ತಿದ್ದಾರೆ."

ಹರ್ಷದಾ ಚನ್ನವೀರನ ಫೋನಿನ ಪರದೆ ನೋಡಿದಳು, ಮಾಸ್ತರದ ಹೊಟ್ಟೆ ನೋಡಿದಳು. ನಗು ತಡೆಯಲಾಗದೆ ನೆಲದ ಮೇಲೆ ಕೂತೇಬಿಟ್ಟಳು. ಗರಾಡೆಯ ಫೋನಿಗೆ ಉತ್ತರವಾಗಿ ಹೋಗುತ್ತಿದ್ದದ್ದು ಬುಳುಬುಳು ಸದ್ದು ಮಾತ್ರ. ತಾನಿಷ್ಟು ಬೈದರೂ ಅಣ್ಣಾ ಹುಕ್ಕಾ ಸೇದುತ್ತ ಕೂತಿದ್ದಾನೆ ಎಂದು ಅವರಿಗೆ ಅನ್ನಿಸಿತಂತೆ.

ಅಷ್ಟರಲ್ಲಿ ಬೈಕಿನ ದಂಡು ಬಂತು. ಹಳದಿ ಅಂಗಿಯ ನಾಲ್ಕೈದು ಜನ, ಅವರ ಮುಂದೆ ಮೈಗೆಲ್ಲ ಅರಿಶಿನ ಬಳಿದುಕೊಂಡ ಮದುಮಗ. ಜಗಳಕ್ಕೆಂದೇ ಬಂದವರು ಒಳಗಿನ ನೋಟ ಕಂಡು ಬಾಗಿಲಲ್ಲೇ ನಿಂತರು. ಮೇಜಿನ ಮೇಲೆ ನಾಯಿ, ನೆಲದ ಮೇಲೆ ನಗುವೋ ಅಳುವೋ ತಿಳಿಯದ ಹೆಂಗಸು, ಬಕೆಟ್ ಹಿಡಿದು ಕಣ್ಣು ಕೆಂಪಾದ ಬನಶಂಕರಿ ಅಣ್ಣಾ.

"ಟೆಂಪೋ ಒಯ್ಯಿರಿ, ಶಿವರಾಜನ್ನ ಒಯ್ಯಿರಿ. ನನ್ನ ಬೇಕಾದ್ರ ಹೊಡೀರಿ. ಆದ್ರ ಇವನ ಬಿಟ್ಟು ನಾ ಬರಾಂಗಿಲ್ಲ" ಎಂದು ಚನ್ನವೀರ ಕನ್ನಡದಲ್ಲೇ ಹೇಳಿದ. ಅವರಿಗೆ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. ಮದುಮಗ ಬಂದು ಮಾಸ್ತರದ ತಲೆ ನೇವರಿಸಿದ. ಅದರ ಬಿಳಿ ನೆತ್ತಿ ಹಳದಿಯಾಯಿತು. ಎಕ್ಸ್‌ರೇ ತೆಗೆಯುವಾಗ ನಾಯಿ ಅಲುಗದಂತೆ ಹಿಡಿದುಕೊಳ್ಳಲು ಅವನೇ ಮುಂದಾದ. ನಿನ್ನ ಮೈ ಅರಿಶಿನ ನನ್ನ ಮಷೀನಿಗೆಲ್ಲ ಹತ್ತುತ್ತದೆ ಎಂದು ಡಾಕ್ಟರು ಅವನನ್ನು ಹೊರಗಟ್ಟಿದಳು. ಶಿವರಾಜ ಟೆಂಪೋ ತಿರುಗಿಸಿದ, ಹಳದಿಯ ದಂಡು ಅದನ್ನು ನಡುವೆ ಇಟ್ಟುಕೊಂಡು ಮಂಟಪದ ಕಡೆ ಹೊರಟಿತು.

ಎಕ್ಸ್‌ರೇ ಚಿತ್ರದಲ್ಲಿ ಪಕ್ಕೆಲುಬಿನ ಕೆಳಗೆ, ಮಸುಕು ಮಸುಕಾದ ಶೇಂಗಾಗಳ ನಡುವೆ, ಬ್ಯಾಟರಿ ಸಣ್ಣ ಹುಣ್ಣಿಮೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು. ಡಾಕ್ಟರು ಅರಿವಳಿಕೆ ಕೊಟ್ಟು, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ನಳಿಕೆಯನ್ನು ಬಾಯಿಯಿಂದ ಇಳಿಸಿ ಅದನ್ನು ಹಿಡಿದು ತರಬೇಕು ಎಂದಳು. ಅಷ್ಟು ಹೊತ್ತಿಗೆ ನೀತಾ ಬಂದು ಮುಟ್ಟಿದ್ದಳು. ವಾಚಮನ್ ಮೂಲಕ, ಆಮೇಲೆ ಹರ್ಷದಾಳ ಮೂಲಕ ಸುದ್ದಿ ತಿಳಿದಿತ್ತು. ಅಪ್ಪನನ್ನು ಒಣ ಬಟ್ಟೆಯಲ್ಲಿ ಕಂಡದ್ದೇ ಅವನನ್ನು ತಬ್ಬಿ ಅತ್ತಳು, ಅತ್ತು ಬೈದಳು. ಬೈದದ್ದು ಅವನಿಗೆ ಕೇಳಿಸಲಿಲ್ಲ.

ಅರಿವಳಿಕೆಯ ಸೂಜಿ ಚುಚ್ಚಿದ ಮೇಲೆ ನಾಯಿ ಮಂಪರಿಗೆ ಜಾರುವ ತನಕ ಹತ್ತಿರ ಇರಬಹುದು ಎಂದರು. ಚನ್ನವೀರ ಮೇಜಿನ ಪಕ್ಕ ನಿಂತು ಮಾಸ್ತರದ ಪಕ್ಕೆಯ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದ. ಒಳಗೆ ಎದೆ ಬಡಿಯುತ್ತಿತ್ತು. ಮೊದಲು ಗಡಿಬಿಡಿಯಾಗಿ, ಆಮೇಲೆ ನಿಧಾನವಾಗಿ, ಒಂದೊಂದಾಗಿ. ಜನ್ಮವಿಡೀ ಅದೆಷ್ಟು ಬಾಕ್ಸುಗಳ ಮೇಲೆ ಅವನು ಹೀಗೆ ಕೈ ಇಟ್ಟಿದ್ದನೋ, ಯಾವುದರ ಮೇಲೂ ಇಷ್ಟು ಕಾಳಜಿಯಿಂದ ಇಟ್ಟಿರಲಿಲ್ಲ. ನಾಯಿಯ ನಾಲಿಗೆ ಸಡಿಲವಾಗಿ ಹೊರಗೆ ಬಂದಾಗ ಅವನು ಮೆಲ್ಲಗೆ, "ರಾಜಾ" ಎಂದ. ಮೆಲ್ಲಗೆ ಎಂದು ಅವನು ತಿಳಿದದ್ದು. ಹೊರಗಿನ ಕೋಣೆಯಲ್ಲಿ ಬೋನಿನೊಳಗಿದ್ದ ಬೆಕ್ಕುಗಳೆಲ್ಲ ಎದ್ದು ಕೂತವು.

ಕೆಲಸ ಸುಸೂತ್ರವಾಗಿ ಮುಗಿಯಿತು. ಡಾಕ್ಟರು ಉಕ್ಕಿನ ಬಟ್ಟಲಿನಲ್ಲಿ ಯಂತ್ರವನ್ನು ತಂದು ತೋರಿಸಿದಳು. ಬ್ಯಾಟರಿಯ ಮುಚ್ಚಳ ಬಿಚ್ಚಿಕೊಂಡಿತ್ತು, ಅಂಚು ಕಪ್ಪಾಗಿತ್ತು. ಜಠರದ ಗೋಡೆಯಲ್ಲಿ ಒಂದು ಕಡೆ ಕೆಂಪು ಕಲೆ ಬಿದ್ದಿದೆ, ಔಷಧಿಗೆ ಮಾಯುತ್ತದೆ, ಇನ್ನೂ ತಡವಾಗಿದ್ದರೆ ತೂತು ಬೀಳುತ್ತಿತ್ತು ಎಂದಳು. ಆಮೇಲೆ ಚನ್ನವೀರನ ಕಡೆ ಬೆರಳು ತೋರಿಸಿ ಇನ್ನೇನೋ ಹೇಳಿದಳು.

"ಏನಂತಾಳ?" ಎಂದ ಚನ್ನವೀರ.

ನೀತಾ ಅವನ ಕಿವಿಗೆ ಬಾಯಿಟ್ಟು ಒದರಿದಳು: "ಬ್ಯಾಟರಿ ನುಂಗಿದಾಗ ವಾಂತಿ ಮಾಡಸಬಾರದಂತ. ಬರೂ ಮುಂದ ಗಂಟಲಾ ಸುಟ್ಟುಬಿಡ್ತದಂತ. ಮಂದಿ ಹೇಳಿದ್ದು ಕೇಳಲಿಲ್ಲ ನಿಮ್ಮಪ್ಪ, ಭಾಳ ಚಲೋ ಮಾಡಿದ್ರು ಅಂತಾರ!"

ಚನ್ನವೀರ ವಿನಯದಿಂದ ತಲೆಯಾಡಿಸಿದ.

ಮರುದಿನ ಇಂದಾಪುರದಿಂದ ಬಂದ ಶೈಲಾ ನೇರ ಆಸ್ಪತ್ರೆಗೇ ಬಂದಳು. ತೊಟ್ಟಿಲ ಕಾರ್ಯದ ಸೀರೆ, ಕೈಯಲ್ಲಿ ಉಂಡೆಯ ಡಬ್ಬಿ. ಮಾಸ್ತರ ಮುಂಗಾಲಿಗೆ ಪಟ್ಟಿ ಕಟ್ಟಿಸಿಕೊಂಡು, ಅರ್ಧ ಹಳದಿಯಾದ ನೆತ್ತಿ ಹೊತ್ತು, ಪಟ್ಟಿ ನೆಕ್ಕದಂತೆ ಕುತ್ತಿಗೆಗೆ ಅಗಲ ಬಾಯಿಯ ಪ್ಲಾಸ್ಟಿಕಿನ ಕೊಳವೆ ತೊಟ್ಟು ಮಲಗಿತ್ತು. ಆ ಕೊಳವೆಯಲ್ಲಿ ಅದು ಥೇಟ್ ಮಾವನ ಕಾಲದ ಭೋಂಗಾದ ಹಾಗೆ ಕಾಣುತ್ತಿತ್ತು. ಶೈಲಾ ಗಂಡನ ಮೇಲೆ ಹರಿಹಾಯ್ದಳು: ತಾಟಿನ್ಯಾಗ ಇಡತಾರೇನ್ರಿ ಅದನ್ನ, ಕಿವಿ ಅಂದ್ರ ಉಪ್ಪಿನಕಾಯೇನು, ನಾ ಒಂದ ದಿನಾ ಮನಿ ಬಿಟ್ರ ಹಿಂಗಾ! ಅವಳ ತುಟಿಗಳ ವೇಗ ನೋಡಿ ಚನ್ನವೀರನಿಗೆ ಸಾರಾಂಶ ತಿಳಿಯಿತು. ಅವನು ಮೊಣಕಾಲೂರಿ ಕೂತು, ಗಂಜಿಯ ಹಾಗೆ ಕಿವಿಚಿದ ಮೊಸರನ್ನವನ್ನು ಬೆರಳಿನಿಂದ ಮಾಸ್ತರದ ಬಾಯಿಗೆ ಹಚ್ಚುತ್ತಿದ್ದ. ಬೈಯುತ್ತ ಬೈಯುತ್ತ ಶೈಲಾಳ ದನಿ ಇಳಿಯಿತು. ಅವಳೂ ಪಕ್ಕದಲ್ಲಿ ಕೂತು ಡಬ್ಬಿ ತೆರೆದು, ಒಂದು ಉಂಡೆ ಮುರಿದು ಗಂಡನ ಬಾಯಿಗೆ ಇಟ್ಟಳು. ನಾಯಿಗೆ ಈ ವಾರ ಉಂಡೆ ಇಲ್ಲ ಎಂದು ಡಾಕ್ಟರು ಹೇಳಿದ್ದಳು.

ನೀತಾ ಯಂತ್ರವನ್ನು ತಯಾರಿಸಿದ ಕಂಪನಿಗೆ ಫೋನ್ ಮಾಡಿದಾಗ, ನೀರಿಗೆ ಬಿದ್ದರೆ ಗ್ಯಾರಂಟಿ ಇದೆ, ನಾಯಿಗೆ ಬಿದ್ದರೆ ಇಲ್ಲ ಎಂದರು. ಹಳೆಯದು ಹೋಯಿತು. ಮಾಸ್ತರ ಮೈತುಂಬಿಕೊಂಡು ಮತ್ತೆ ಕಾಲುಚೀಲಗಳ ಕಡೆ ಆಸೆಯಿಂದ ನೋಡತೊಡಗಿದ ಮೇಲೆ ಚನ್ನವೀರ ತಾನಾಗಿಯೇ ಹೊರಟು ಕ್ಯಾಂಪಿನ ಡಾಕ್ಟರ ಹತ್ತಿರ ಹೋದ. ಚೌಕಾಸಿ ಮಾಡದೆ ಎರಡೂ ಕಿವಿಗೆ ಹಾಕಿಸಿಕೊಂಡ. ಸಂಜೆ ಪುಣೆ ಸ್ಟೇಷನ್ನಿನಲ್ಲಿ ಲೋಣಾವಳಾ ಲೋಕಲ್ ಹತ್ತಿ ಕಿಟಕಿಯ ಹತ್ತಿರ ಕೂತ.

ಮೊದಲು ಬರೀ ಗದ್ದಲ. ಶಿವಾಜಿನಗರ ದಾಟುವಷ್ಟರಲ್ಲಿ ಗದ್ದಲ ಬಿಡಿಸಿಕೊಂಡು ಬೇರೆ ಬೇರೆಯಾಯಿತು. ಗಾಲಿಯದು ಒಂದು, ಕಿಟಕಿಯ ಸರಳಿನದು ಒಂದು, ಹಸಿ ಬಟಾಣಿ ಮಾರುವವಳ ಬಳೆಯದು ಒಂದು. ಎದುರಿನ ಸೀಟಿನಲ್ಲಿ ಇಬ್ಬರು ಹೆಂಗಸರು ತಮ್ಮ ಅತ್ತಿಗೆಯ ವಿಷಯ ತೆಗೆದಿದ್ದರು. ಅತ್ತಿಗೆ ಮದುವೆಗೆ ಬಂದವಳು ಯಾರದೋ ಸೀರೆ ಉಟ್ಟುಕೊಂಡು ಹೋಗಿದ್ದಳು, ಹೋಗಿ ಅದೇ ಸೀರೆಯಲ್ಲಿ ಫೋಟೊ ಕಳಿಸಿದ್ದಳು, ಫೋಟೊದಲ್ಲಿ ಪಕ್ಕಕ್ಕೆ ನಿಂತಿದ್ದವನು ಅವಳ ಗಂಡನಲ್ಲ. ಚನ್ನವೀರ ಕಿಟಕಿಯಾಚೆ ನೋಡುವಂತೆ ಮಾಡಿ, ಎರಡೂ ಕಿವಿಯನ್ನು ಒಳಗೇ ಇಟ್ಟುಕೊಂಡು ಕೂತ. ಪಿಂಪರಿ ಬಂತು, ಆಕುರ್ಡಿ ಬಂತು, ದೇಹೂ ರೋಡು ಹೋಯಿತು. ಅವನು ಇಳಿಯಬೇಕಾದ ತಳೇಗಾಂವ ಬಂದಾಗ ಅವರು ಆ ಗಂಡಸು ಯಾರೆಂದು ಹೇಳುವುದರಲ್ಲಿದ್ದರು.

ಕಾಮಶೇತದಲ್ಲಿ ಹೆಂಗಸರು ಇಳಿದರು. ಅವನೂ ಇಳಿದ. ತಿರುಗಿ ಹೋಗುವ ಗಾಡಿಗೆ ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಶೈಲಾಗೆ ಫೋನ್ ಮಾಡಿದ.

"ಎಲ್ಲಿದ್ದೀರಿ? ಇಷ್ಟೊತ್ತಾತು" ಎಂದಳು ಅವಳು, ಎರಡೂ ಕಿವಿಯಲ್ಲಿ.

"ಕಾಮಶೇತದಾಗ."

"ಕಾಮಶೇತಕ್ಕ ಯಾಕ ಹೋದ್ರಿ?"

"ಅತ್ತಿಗಿ ಜೋಡಿ ಫೋಟೊದಾಗ ಇದ್ದಾಂವ ಯಾರು ಅಂತ ತಿಳೀಬೇಕಿತ್ತು" ಎಂದ ಚನ್ನವೀರ.

ಆ ಕಡೆ ಸ್ಟೂಲು ಎಳೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಶೈಲಾ ಕೇಳಿದಳು: "ಯಾರಂತ?"

ಚನ್ನವೀರ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಹೇಳಲು ಶುರುಮಾಡಿದ.